ಟಿವಿಗೆ ಬೆನ್ನು ಮಾಡಿ ಕೂತ ರವಿವಾರಗಳು

ರವಿವಾರ ಮಧ್ಯಾಹ್ನ ನಮ್ಮ ಮನೆಯ ಟಿವಿಯಲ್ಲಿ ಬರುತ್ತಿದ್ದ ಆಟೋಟಗಳ ಕಾರ್ಯಕ್ರಮವನ್ನು ನಾನು ಎರಡು ವರ್ಷ ಬೆನ್ನಿನಿಂದ ನೋಡಿದ್ದೇನೆ. ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಎದುರಿಗೆ ಕೂತು ನೋಡಿದವರಿಗೆ ಅದರಲ್ಲಿ ಏನೇನು ಬಂತು ಎನ್ನುವುದು ಈಗ ನೆನಪಿಲ್ಲ. ನನಗೆ ಎಲ್ಲವೂ ನೆನಪಿದೆ.

ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ಯಲಬುರ್ಗಾದಲ್ಲಿ ನಮ್ಮ ಅಪ್ಪನದೊಂದು ಕಿರಾಣಿ ಅಂಗಡಿ, ಊರ ಹೊರಗೆ ಒಂದಿಷ್ಟು ಎರೆಹೊಲ. ಮನೆಯಲ್ಲಿ ಅಪ್ಪ, ಅವ್ವ, ನಾನು, ನನಗಿಂತ ಮೂರು ವರ್ಷಕ್ಕೆ ಸಣ್ಣವಳಾದ ತಂಗಿ. ನಮ್ಮ ಓಣಿಗೆ ಮೊದಲು ಟಿವಿ ತಂದವನು ಅಪ್ಪ. ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸುತ್ತ ‘ಬಂತೇನು, ಬಂತೇನು’ ಎಂದು ಕೂಗಿದ ಕಥೆಯನ್ನು ನನ್ನ ವಯಸ್ಸಿನವರೆಲ್ಲ ಹೇಳುತ್ತಾರೆ. ನಾನು ಅದನ್ನು ಹೇಳಲು ಕೂತಿಲ್ಲ.

ಮೊದಲ ವರ್ಷ ನಾನೂ ತಂಗಿಯೂ ಎಲ್ಲರಂತೆ ಮುಂದೆಯೇ ಕೂತು ನೋಡಿದೆವು. ಮೂರು ಗಂಟೆಯ ಹೊತ್ತು. ಉಂಡ ಊರು ಕಣ್ಣು ಮುಚ್ಚಿ ಮಲಗಿರುತ್ತಿತ್ತು. ಪಡಸಾಲೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ನೆಲದ ಮೇಲೆ ನಿಂತಿರುತ್ತಿತ್ತು. ಅದರೊಳಗೆ ಧೂಳು ಏಳುತ್ತ, ಇಳಿಯುತ್ತ, ಯಾವ ಅವಸರವೂ ಇಲ್ಲದೆ ತಿರುಗುತ್ತಿತ್ತು. ನಾವಿಬ್ಬರೂ ತಣ್ಣನೆಯ ಗಚ್ಚಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಗದ್ದಕ್ಕೆ ಕೈಕೊಟ್ಟು ಕಾಯುತ್ತಿದ್ದೆವು. ತುತ್ತೂರಿಯ ಸಂಗೀತ ಬರುತ್ತಿತ್ತು, ಕೋಟು ಹಾಕಿದವನೊಬ್ಬ ಇಂಗ್ಲಿಷಿನಲ್ಲಿ ಏನೋ ಹೇಳಿ ಮಾಯವಾಗುತ್ತಿದ್ದ. ಆಮೇಲೆ ಯಾವ ದೇಶವೋ, ಯಾವ ಊರೋ, ಅಲ್ಲಿಯ ಮಂದಿ ಓಡುತ್ತಿದ್ದರು, ಈಜುತ್ತಿದ್ದರು, ಭಾರ ಎತ್ತುತ್ತಿದ್ದರು.

ಒಮ್ಮೆ ಬೆಳ್ಳಗಿನ ನೆಲದ ಮೇಲೆ ಹುಡುಗಿಯೊಬ್ಬಳು ಹೆಜ್ಜೆಯನ್ನೇ ಎತ್ತದೆ ಸಾಗುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ಕೇಳಿದಳು, “ಅದೇನ, ನೆಲಕ್ಕ ಸುಣ್ಣಾ ಬಳದಾರೇನು?”

“ಬರ್ಫ ಅದು,” ಎಂದ ಅಪ್ಪ, ತಾನೇ ಹೋಗಿ ನೋಡಿಬಂದವನಂತೆ.

ಹೊರಗೆ ವೈಶಾಖದ ಬಿಸಿಲಿಗೆ ನಾಯಿಗಳು ಕೂಡ ಕಟ್ಟೆಯ ನೆರಳು ಬಿಟ್ಟು ಏಳುತ್ತಿರಲಿಲ್ಲ. ನಾನು ಅರೆನಿದ್ದೆಯಲ್ಲಿ ಆ ಹುಡುಗಿಯನ್ನು ನೋಡುತ್ತಿದ್ದೆ. ಅವಳ ನೆಲದ ತಂಪು ನನ್ನ ಹೊಟ್ಟೆಗೆ ತಾಗಿದಂತಾಗುತ್ತಿತ್ತು. ಎಷ್ಟೋ ರವಿವಾರ ನಾನು ನೋಡಿದ್ದು ಯಾವುದು, ಕನಸಿನಲ್ಲಿ ಕಂಡದ್ದು ಯಾವುದು ಎನ್ನುವುದು ಇವತ್ತಿಗೂ ಬಿಡಿಸಲು ಬರುವುದಿಲ್ಲ.

ಆ ಕಾರ್ಯಕ್ರಮದಲ್ಲಿ ಒಬ್ಬರು ಜಿಗಿದರೆ ಅದನ್ನೇ ಮತ್ತೆ ತೋರಿಸುತ್ತಿದ್ದರು. ಮೂರನೆಯ ಸಲ ಬಹಳ ನಿಧಾನಕ್ಕೆ ತೋರಿಸುತ್ತಿದ್ದರು. ಅವ್ವನಿಗೆ ಇದು ಕಡೆಯವರೆಗೂ ತಿಳಿಯಲಿಲ್ಲ. ಎತ್ತರದ ಹಲಗೆಯಿಂದ ನೀರಿಗೆ ಹಾರಿದ ಹುಡುಗಿ ಎರಡನೆಯ ಸಲ ಹಾರಿದಾಗ ಅವ್ವ ಮರುಗಿದಳು.

“ಪಾಪ, ಮತ್ತೊಮ್ಮೆ ಜಿಗಿಸ್ಯಾರ ನೋಡು. ತಡಾ ಮಾಡಿ ಬಂದೋರು ಯಾರೋ ಇರಬೇಕು.”

ನಮ್ಮಲ್ಲಿ ಹೆಣ್ಣು ನೋಡಲು ಬಂದಾಗ ಹಾಗೆಯೇ. ಹುಡುಗಿ ಒಮ್ಮೆ ನಡೆದು ತೋರಿಸಿ ಒಳಗೆ ಹೋಗಿರುತ್ತಾಳೆ. ಬಸ್ಸು ತಪ್ಪಿ ಹಿಂದೆ ಉಳಿದ ಸೋದರಮಾವನೊಬ್ಬ ಆಮೇಲೆ ಬಂದಿಳಿಯುತ್ತಾನೆ. ಅವನಿಗಾಗಿ ಹುಡುಗಿ ಮತ್ತೊಮ್ಮೆ ಬಂದು ನಡೆಯಬೇಕು. ನೀರಿನ ಹುಡುಗಿ ಮೂರನೆಯ ಸಲ ಮೆಲ್ಲಮೆಲ್ಲನೆ ಇಳಿದು ಬಂದಾಗ ಅವ್ವನಿಗೆ ಇನ್ನೂ ಖಾತ್ರಿಯಾಯಿತು.

“ಈ ಸಲ ಮೆಲ್ಲಕ ಜಿಗಿ ಅಂದಾರ. ಸರಿಯಾಗಿ ಕಾಣ್ಲಿ ಅಂತ.”

“ಲೇ, ಇದು ಆಗಲೇ ಜಿಗಿದದ್ದು. ಅದನ್ನ ಮತ್ತ ತೋರಸ್ತಾರ,” ಎಂದ ಅಪ್ಪ.

“ಆಗಿ ಹೋದದ್ದು ಮತ್ತ ಹೊಳ್ಳಿ ಬರತೈತೇನು? ಏನರ ಹೇಳಬ್ಯಾಡ್ರಿ,” ಎಂದು ಅವ್ವ ಅಕ್ಕಿಯ ಕಡೆಗೆ ತಿರುಗಿದಳು.

ಇನ್ನು ನನ್ನ ವಿಷಯ. ನಾನು ಎತ್ತರದವಳು. ಬರೀ ಎತ್ತರವಲ್ಲ, ಐದು ಅಡಿ ಒಂಬತ್ತು ಇಂಚು. ನಮ್ಮ ಓಣಿಯಲ್ಲಿ ಅಷ್ಟು ಉದ್ದದ ಗಂಡಸರೇ ಇಬ್ಬರೋ ಮೂವರೋ ಇದ್ದರು. ಸಾಲಿಯಲ್ಲಿ ಡ್ರಿಲ್ ಮಾಸ್ತರರು ನನ್ನನ್ನು ಎತ್ತರ ಜಿಗಿತಕ್ಕೆ ಹಾಕಿದ್ದರು. ಎರಡು ಬಿದಿರಿನ ಗಳಗಳಿಗೆ ಹಗ್ಗ ಕಟ್ಟಿ, ಆಚೆ ಬದಿಗೆ ಹಳ್ಳದ ಉಸುಕು ಹಾಕಿಸಿದ್ದರು. ಲಂಗ ಎತ್ತಿ ಕಟ್ಟಿ ಓಡಿಬಂದು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ಕತ್ತರಿ ಆಡಿಸಿದಂತೆ ದಾಟುತ್ತಿದ್ದೆ. ತಾಲೂಕಿಗೆ ಮೊದಲು ಬಂದೆ. ಹತ್ತನೆಯ ತರಗತಿ ಮುಗಿಯಿತು, ಸಾಲಿ ಬಿಡಿಸಿದರು. ಜಿಗಿಯುವುದೂ ಅಲ್ಲಿಗೆ ನಿಂತಿತು.

ಟಿವಿ ಬಂದ ವರ್ಷದ ಒಂದು ರವಿವಾರ ಆ ಕಾರ್ಯಕ್ರಮದಲ್ಲಿ ಎತ್ತರ ಜಿಗಿತ ಬಂತು. ಹೆಣ್ಣುಮಗಳೊಬ್ಬಳು ಓಡಿಬಂದಳು. ಕೋಲಿನ ಹತ್ತಿರ ಬಂದವಳು ಕಡೆಯ ಗಳಿಗೆಯಲ್ಲಿ ಕೋಲಿಗೇ ಬೆನ್ನು ಮಾಡಿದಳು. ಆಕಾಶ ನೋಡುತ್ತ ಗಾಳಿಯಲ್ಲಿ ಅಂಗಾತ ಮಲಗಿ ಆಚೆಗಿಳಿದಳು. ನಾನು ಎದ್ದು ಕೂತೆ. ಯಾವ ಕಾಲಿನಿಂದ ಎದ್ದಳು, ಯಾವಾಗ ತಿರುಗಿದಳು, ಒಂದೂ ಕಣ್ಣಿಗೆ ಸಿಗಲಿಲ್ಲ. ಅದನ್ನೇ ನಿಧಾನಕ್ಕೆ ತೋರಿಸಲು ಶುರುಮಾಡಿದರು. ಅವಳು ನೀರಿನೊಳಗೆ ನಡೆದಂತೆ ಮೂರು ಹೆಜ್ಜೆ ಇಟ್ಟಳು. ಕರೆಂಟ್ ಹೋಯಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆವತ್ತಿನಿಂದ ಆ ಒಂದು ಜಿಗಿತಕ್ಕಾಗಿ ಪ್ರತಿ ರವಿವಾರ ಕಾದೆ. ಕುದುರೆ ಬಂದವು, ದೋಣಿ ಬಂದವು, ಮೋಟಾರು ಓಟ ಬಂತು, ಅದು ಮಾತ್ರ ಬರಲಿಲ್ಲ. ಕನಸಿನಲ್ಲಿ ನಾನೇ ಜಿಗಿಯುತ್ತಿದ್ದೆ. ಓಡಿ ಬರುವುದು ಗೊತ್ತಾಗುತ್ತಿತ್ತು, ಗಾಳಿಯಲ್ಲಿ ಮಲಗಿದ್ದೂ ಗೊತ್ತಾಗುತ್ತಿತ್ತು. ಎರಡರ ನಡುವೆ ಏನು ಮಾಡಬೇಕು ಎನ್ನುವಲ್ಲಿ ಎಚ್ಚರವಾಗುತ್ತಿತ್ತು.

ಅಷ್ಟರಲ್ಲಿ ನನ್ನನ್ನು ನೋಡಲು ಬರುವವರು ಶುರುವಾದರು.

ಗಂಗಾವತಿಯಿಂದ ಬಂದರು, ಹನುಮಸಾಗರದಿಂದ ಬಂದರು, ಕುಷ್ಟಗಿಯಿಂದ ಎರಡು ಸಲ ಬೇರೆ ಬೇರೆ ಮನೆಯವರು ಬಂದರು. ತಳಕಲ್ಲಿನವರಂತೂ ಎತ್ತಿನ ಗಾಡಿ ತುಂಬ ಬಂದರು. ಎಲ್ಲರೂ ಬಂದದ್ದು ರವಿವಾರವೇ, ಮೂರು ಗಂಟೆಗೇ. ನಾಲ್ಕೂವರೆಗೆ ರಾಹುಕಾಲ ಹತ್ತುತ್ತದೆ, ಅಷ್ಟರೊಳಗೆ ಮುಗಿಸಬೇಕು ಎಂದು ಹೇಳಿ ಕಳಿಸುತ್ತಿದ್ದರು. ರಾಹುಕಾಲದ ಮಾತು ಸುಳ್ಳಲ್ಲ. ಆದರೆ ಮೂರರಿಂದ ನಾಲ್ಕೂವರೆಯವರೆಗೆ ನಮ್ಮ ಮನೆಯ ಟಿವಿಯಲ್ಲಿ ಏನು ಬರುತ್ತದೆ ಎನ್ನುವುದು ಸುತ್ತಲಿನ ಊರಿಗೆಲ್ಲ ಗೊತ್ತಿತ್ತು.

ಹುಡುಗಿಯನ್ನು ಪೂರ್ವಕ್ಕೆ ಮುಖಮಾಡಿ ಮಣೆಯ ಮೇಲೆ ಕೂರಿಸಬೇಕು, ಅದು ರೂಢಿ. ನಮ್ಮ ಟಿವಿ ಇದ್ದದ್ದು ಪಡಸಾಲೆಯ ಪಡುವಣ ಗೋಡೆಯ ಗೂಡಿನಲ್ಲಿ. ಆ್ಯಂಟೆನಾದ ವೈರು ಅಲ್ಲೇ ಇಳಿದಿತ್ತು, ಕರೆಂಟಿನ ಪ್ಲಗ್ಗೂ ಅಲ್ಲೇ ಇತ್ತು. ಹಾಗಾಗಿ ನನ್ನ ಮಣೆ ಟಿವಿಯ ಮುಂದೆ, ಟಿವಿಗೆ ಬೆನ್ನು ಮಾಡಿ. ಬಂದವರು ನನ್ನೆದುರು ಜಮಖಾನೆಯ ಮೇಲೆ ಕೂತು ನನ್ನ ತಲೆಯ ಮೇಲಿಂದ ಅದನ್ನು ನೋಡುತ್ತಿದ್ದರು. ಮೊದಲ ಸಲ ಅಪ್ಪ ಮರ್ಯಾದೆಗೆ ಕೇಳಿದ, “ಬಂದ್ ಮಾಡ್ಲೇನ್ರಿ?”

“ಇರ್ಲಿ ಬಿಡ್ರಿ, ಅದರ ಪಾಡಿಗೆ ಅದು ನಡೀಲಿ,” ಎಂದರು ಗಂಗಾವತಿಯವರು, ಕಣ್ಣು ತೆಗೆಯದೆ.

ನಾನು ತಲೆ ತಗ್ಗಿಸಿ ಕೂರಬೇಕಿತ್ತು. ಕೂರುತ್ತಿದ್ದೆ. ಆದರೆ ಕಣ್ಣೆತ್ತಿ ಕದ್ದು ನೋಡುತ್ತಿದ್ದೆ. ಹುಡುಗನನ್ನು ನೋಡುತ್ತಾಳೆ ಎಂದುಕೊಂಡಿದ್ದರೋ ಏನೋ. ನಾನು ನೋಡುತ್ತಿದ್ದದ್ದು ಅವರ ಮುಖದ ಮೇಲಿನ ಆಟವನ್ನು. ನಾಲ್ಕೈದು ರವಿವಾರ ಕಳೆಯುವಷ್ಟರಲ್ಲಿ ಮುಖ ನೋಡಿ ಆಟ ಹೇಳುವುದು ಬಂತು. ಎಲ್ಲರ ಗದ್ದ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋದರೆ ಟೆನಿಸ್. ಗದ್ದ ಮೇಲೆದ್ದು ಕೆಳಗೆ ಬಿದ್ದರೆ ನೀರಿಗೆ ಹಾರುವುದು. ಗಂಡಸರೆಲ್ಲ ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಂಡರೆ ಭಾರ ಎತ್ತುವುದು. ಭುಜಗಳು ಅಲುಗತೊಡಗಿದರೆ ಕುಸ್ತಿ. ಬಾಯಿ ತೆರೆದು ತಲೆಗಳು ಸುತ್ತ ತಿರುಗಿದರೆ ಬರ್ಫದ ಹುಡುಗಿ ಬಂದಿದ್ದಾಳೆ ಎಂದರ್ಥ. ಕುಷ್ಟಗಿಯ ಮುದುಕರೊಬ್ಬರ ಚಾಳೀಸಿನ ಗಾಜಿನಲ್ಲಿ ಟಿವಿಯೇ ಕಂಡಿತ್ತು, ಎರಡು ಕಣ್ಣಿಗೆ ಎರಡು, ಕಡಲೆಕಾಳಿನಷ್ಟು. ಅದರೊಳಗೆ ಯಾರೋ ಓಡುತ್ತಿದ್ದರು. ಆ ಮುದುಕರು ತಲೆ ಅಲುಗಿಸದಿದ್ದರೆ ಸಾಕು ಎಂದು ನಾನು ದೇವರಿಗೆ ಕೈಮುಗಿದೆ.

ಅವಲಕ್ಕಿ, ಮಿರ್ಚಿ, ಶೇಂಗಾ ಉಂಡೆ, ಚಹಾ. ತಂಗಿ ತಂದಿಡುತ್ತಿದ್ದಳು. ಬಿಸಿ ಮಿರ್ಚಿ ಕಚ್ಚಿದವರು ಬಾಯಿ ತೆರೆದು ಆವಿ ಬಿಡುತ್ತ ಹಾಗೆಯೇ ಕೂತಿರುತ್ತಿದ್ದರು. ಟಿವಿಯಲ್ಲಿ ನಿಧಾನಕ್ಕೆ ತೋರಿಸುವ ಹೊತ್ತಿಗೆ ಪಡಸಾಲೆಯೂ ನಿಧಾನವಾಗುತ್ತಿತ್ತು. ಚಹಾದ ಕಪ್ಪು ತುಟಿಯವರೆಗೆ ಹೋಗಿ ನಿಲ್ಲುತ್ತಿತ್ತು, ರೆಪ್ಪೆ ಮೆಲ್ಲಗೆ ಮುಚ್ಚಿ ಮೆಲ್ಲಗೆ ತೆರೆಯುತ್ತಿತ್ತು. ಬೆಳಕಿಂಡಿಯ ಬಿಸಿಲಿನಲ್ಲಿ ನಾನೊಬ್ಬಳೇ ಎಚ್ಚರವಿದ್ದು, ಉಳಿದವರೆಲ್ಲ ಕಣ್ಣು ತೆರೆದು ಮಲಗಿದ್ದಾರೆ ಅನ್ನಿಸುತ್ತಿತ್ತು. ನನ್ನನ್ನು ಯಾರಾದರೂ ಸರಿಯಾಗಿ ನೋಡಿದ್ದರೆ ಅದು ಕರೆಂಟ್ ಹೋದಾಗ. ಆಗ ಎಲ್ಲರೂ ಒಮ್ಮೆಲೇ ಎಚ್ಚೆತ್ತು, ‘ಹಾಂ, ಹುಡುಗಿ’ ಎಂಬಂತೆ ನನ್ನ ಕಡೆ ತಿರುಗುತ್ತಿದ್ದರು.

ಆಮೇಲೆ ನಡೆಸುತ್ತಿದ್ದರು. ಕುಂಟು ಇದೆಯೋ ಎಂದು ನೋಡಲು. ನನಗೆ ಕುಂಟು ಇರಲಿಲ್ಲ, ಎದ್ದು ನಿಂತರೆ ಸಾಕು, ಸಂಬಂಧ ಮುರಿಯುತ್ತಿತ್ತು. ‘ಹೇಳಿ ಕಳಸ್ತೀವ್ರಿ’ ಎಂದು ಹೋದವರು ಯಾರೂ ಹೇಳಿ ಕಳಿಸಲಿಲ್ಲ. ಮೂರ್ನಾಲ್ಕು ಮನೆಯವರು ಹೀಗೆ ಹೋದ ಮೇಲೆ ಅವ್ವ ಒಂದು ಉಪಾಯ ಮಾಡಿದಳು. ಸೀರೆಯ ನೆರಿಗೆ ಸಡಿಲ ಬಿಟ್ಟು, ಒಳಗೆ ಮೊಣಕಾಲು ಬಗ್ಗಿಸಿ ನಡೆಯಬೇಕು. ಅಡುಗೆಮನೆಯಲ್ಲಿ ಬಾಗಿಲಿನಿಂದ ಬೀಸುವ ಕಲ್ಲಿನವರೆಗೆ ದಿನಾ ನಡೆಸಿದಳು.

“ಎರಡು ಇಂಚು ಹೋತು. ಇನ್ನೊಂದು ತಗಿ,” ಎನ್ನುತ್ತಿದ್ದಳು, ಬಾಗಿಲ ಚೌಕಟ್ಟಿನ ಮೇಲೆ ಮಾಡಿಕೊಂಡ ಕುಂಕುಮದ ಗುರುತು ನೋಡುತ್ತ.

ತಂಗಿ ಸೆರಗು ಬಾಯಿಗೆ ತುರುಕಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ತೊಡೆ ನೋಯುತ್ತಿತ್ತು, ಅದಕ್ಕಿಂತ ಹೆಚ್ಚು ಮನಸ್ಸು ನೋಯುತ್ತಿತ್ತು. ಜಿಗಿಯಲು ಕಲಿಸಿದ ಕಾಲು ಅದು, ಅದನ್ನು ಬಗ್ಗಿಸಿಕೊಂಡು ಬದುಕು ಎಂದರೆ ಯಾರ ಮೇಲೆ ಸಿಟ್ಟಾಗಬೇಕು? ಅವ್ವನ ಮೇಲೆ ಆಗುತ್ತಿದ್ದೆ, ಕೈಗೆ ಸಿಗುವವಳು ಅವಳೊಬ್ಬಳೇ. ಅವಳದೂ ತಪ್ಪಿರಲಿಲ್ಲ. ಹಿರಿಯಳದು ಆಗದೆ ಕಿರಿಯಳದು ಮಾಡುವ ರೂಢಿ ನಮ್ಮಲ್ಲಿಲ್ಲ. ನಾನು ಮನೆಯಲ್ಲಿ ಕೂತರೆ ತಂಗಿಯೂ ಕೂರಬೇಕು. ಅವ್ವ ಇದನ್ನು ಬಾಯಿಬಿಟ್ಟು ಹೇಳಿದ್ದು ಒಮ್ಮೆಯೇ. ಒಮ್ಮೆ ಹೇಳಿದ್ದು ಸಾಕಾಗಿತ್ತು.

ಕೊಪ್ಪಳದ ಸಂಬಂಧ ಬಂದದ್ದು ಆಗ. ಹುಡುಗ ಕಚೇರಿಯೊಂದರಲ್ಲಿ ಗುಮಾಸ್ತ. ತಂದೆ ಇಲ್ಲ, ತಾಯಿ ಇದ್ದಾಳೆ. ನನ್ನ ಕಿವಿಯವರೆಗೆ ಬರುತ್ತಿದ್ದ. ಮೆತ್ತಗೆ ಮಾತಾಡುವ, ಚಹಾ ಕೊಟ್ಟ ತಂಗಿಗೂ ‘ಸಾಕ್ರಿ, ಸಾಕ್ರಿ’ ಎಂದು ಬಹುವಚನ ಹಚ್ಚಿದವನು. ನಾನು ಬಗ್ಗಿಸಿದ ಕಾಲಿನಲ್ಲಿ ನಡೆದೆ, ಪಾಸಾದೆ. ಎರಡು ವಾರಕ್ಕೆ ಹೇಳಿ ಕಳಿಸಿದರು: ಹುಡುಗಿ ಪಸಂದ್ ಇದ್ದಾಳೆ, ಸೋದರಮಾವ ಒಬ್ಬ ನೋಡುವುದಿದೆ, ಅವನು ಹೂಂ ಎಂದರೆ ಅವತ್ತೇ ಕಾಯಿ ಒಡೆದು ಮಾತು ಮುಗಿಸುವುದು. ಅವ್ವ ಅವತ್ತು ಅತ್ತಳು, ಸಂತೋಷಕ್ಕೆ. ಅಪ್ಪ ಅಂಗಡಿ ಅರ್ಧ ದಿನ ಮುಚ್ಚಿ ಪಡಸಾಲೆಗೆ ಸುಣ್ಣ ಹೊಡೆಸಿದ.

ರವಿವಾರ ಬಂದರು. ಮತ್ತೆ ಮಣೆ, ಮತ್ತೆ ಬೆನ್ನ ಹಿಂದೆ ತುತ್ತೂರಿ. ಸೋದರಮಾವ ದಪ್ಪ ಮೀಸೆಯ, ಹಸನ್ಮುಖದ ಮನುಷ್ಯ. ಅವನಿಗಾಗಿ ನಾನು ಮತ್ತೊಮ್ಮೆ ನಡೆದೆ. ಅಡ್ಡಿಯಿಲ್ಲ, ಛಲೋ ಅದಾಳ ಎಂದ. ನಾನು ಮತ್ತೆ ಮಣೆಯ ಮೇಲೆ ಕೂತೆ. ಅವ್ವ ಕುಂಕುಮದ ಭರಣಿ ತರಲು ಒಳಗೆ ಹೋದಳು. ಅಪ್ಪ ಕೈಯಲ್ಲಿ ತೆಂಗಿನಕಾಯಿ ಹಿಡಿದು, ಜುಟ್ಟು ಸರಿಮಾಡುತ್ತ ಕೂತಿದ್ದ. ಎಲ್ಲ ಮುಗಿದಂತೆಯೇ ಆಗಿತ್ತು. ನನಗೂ ಒಂಥರಾ ಹಗುರವಾಗಿತ್ತು, ಖರೇ ಹೇಳುತ್ತೇನೆ. ಇನ್ನು ಯಾರ ಮುಂದೆಯೂ ನಡೆಯುವುದಿಲ್ಲವಲ್ಲ ಎಂದುಕೊಂಡೆ. ಗಂಡನ ಮನೆಯಲ್ಲಿ ಜನ್ಮವೆಲ್ಲ ಮೊಣಕಾಲು ಬಗ್ಗಿಸಿಕೊಂಡೇ ಇರಬೇಕೋ ಏನೋ ಎನ್ನುವುದು ಆಮೇಲೆ ಹೊಳೆಯಿತು. ಮದುವೆಯ ದಿನ ಹೇಗೂ ಗೊತ್ತಾಗುತ್ತದೆ, ಆಗ ನೋಡಿಕೊಂಡರಾಯಿತು ಎಂದಿದ್ದಳು ಅವ್ವ.

ಆಗ ಎದುರಿನ ಮುಖಗಳು ಒಂದು ಹೊಸ ತರಹ ಚಲಿಸಿದವು. ಕಣ್ಣುಗಳು ಬದಿಯಿಂದ ಸುತ್ತು ಹಾಕಿ ನಡುವಿಗೆ ಬಂದವು. ಗದ್ದ ಎದ್ದಿತು, ಮೇಲೆ ಒಂದು ಗಳಿಗೆ ನಿಂತಿತು, ಇಳಿಯಿತು. ನನ್ನ ಲೆಕ್ಕದಲ್ಲಿ ಇಲ್ಲದ ಆಟ.

“ಅಲೆಲೆ, ಬೆನ್ನು ಮಾಡಿ ಜಿಗಿದ್ಲಲ್ಲ,” ಎಂದ ಸೋದರಮಾವ.

ಅದೇ. ಎರಡು ವರ್ಷದಿಂದ ಕಾದದ್ದು ನನ್ನ ಬೆನ್ನಿನ ಹಿಂದೆ, ಒಂದು ಮಾರು ದೂರದಲ್ಲಿ. ಮೊದಲ ಸಲದ್ದು ಹೋಯಿತು. ಎರಡನೆಯ ಸಲದ್ದೂ ಅವರ ಕಣ್ಣುಗಳಲ್ಲಿ ಓಡಿ ಹೋಗುತ್ತಿತ್ತು. ಮೂರನೆಯದು ಬರುತ್ತದೆ, ನಿಧಾನಕ್ಕೆ ಬರುತ್ತದೆ, ನನಗೆ ಗೊತ್ತಿತ್ತು. ತಲೆಯನ್ನಷ್ಟೇ ತಿರುಗಿಸಿದ್ದರೆ ಆಗುತ್ತಿತ್ತೇನೋ. ಹಾಗೆ ಮಾಡುವಷ್ಟು ಜಾಣತನ ಆ ಹೊತ್ತಿನಲ್ಲಿ ಎಲ್ಲಿಂದ ಬರಬೇಕು? ನಾನು ಮಣೆಯ ಮೇಲೆಯೇ ಎದ್ದು ನಿಂತು ಪೂರ್ತಿ ತಿರುಗಿದೆ.

ಅವಳು ಬರುತ್ತಿದ್ದಳು. ಕಡೆಯ ಹೆಜ್ಜೆಗಳನ್ನು ಬಳಸಿ ಇಟ್ಟಳು, ಬಾವಿಯ ಸುತ್ತ ನಡೆದಂತೆ. ಕೋಲಿನಿಂದ ದೂರದ ಕಾಲನ್ನು ಊರಿದಳು. ಹತ್ತಿರದ ಮೊಣಕಾಲು ಮೇಲಕ್ಕೆ ಬಂತು, ಅದರ ಜೊತೆಗೇ ಹೆಗಲು ತಿರುಗಿತು. ತಿರುಗುವುದು ನೆಲದ ಮೇಲೆ ಅಲ್ಲ, ಏಳುತ್ತ ಏಳುತ್ತ ತಿರುಗುವುದು. ಅಷ್ಟೇ. ಅಷ್ಟೇ ನನಗೆ ಸಿಗದೆ ಹೋದದ್ದು. ಮೊದಲು ತಲೆ ದಾಟಿತು, ಬೆನ್ನು ಬಾಗಿ ದಾಟಿತು, ಕೂದಲು ಹಿಂದೆ ತೇಲಿತು. ಆಕಾಶವನ್ನು ನೋಡುತ್ತಿದ್ದ ಆ ಮುಖದಲ್ಲಿ ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂಬ ಅರಿವೇ ಇರಲಿಲ್ಲ. ಕಡೆಗೆ ಹಿಮ್ಮಡಿಗಳು ಮೆಲ್ಲಗೆ ಎದ್ದು ದಾಟಿದವು. ಕೋಲು ನಡುಗಿ ಸುಮ್ಮನಾಯಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಮತ್ತೆ ಬಂದವರ ಕಡೆಗೆ ತಿರುಗಿದೆ. ಕರೆಂಟ್ ಹೋಗದೆಯೇ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ತಲೆ ಎತ್ತಿ.

“ಏನ್ರಿ ಇದು,” ಎಂದಳು ಹುಡುಗನ ತಾಯಿ ಅಪ್ಪನಿಗೆ. “ಹೋದ ಸಲ ಬಂದಾಗ ಇಷ್ಟ ಎತ್ತರ ಇರ್ಲಿಲ್ಲಲ್ರಿ ಹುಡುಗಿ. ಎರಡು ವಾರದಾಗ ಬೆಳದಾಳೇನು?”

ಅವ್ವ ಬಾಗಿಲಲ್ಲಿ ಭರಣಿ ಹಿಡಿದು ನಿಂತಿದ್ದಳು. ‘ಮಣಿ ಮ್ಯಾಲೆ ನಿಂತಾಳ್ರಿ’ ಎಂದು ಅಪ್ಪ ಹೇಳಬಹುದಿತ್ತು. ನಾನು ಅಷ್ಟು ಹೊತ್ತಿಗೆ ಮೊಣಕಾಲು ಬಗ್ಗಿಸಬಹುದಿತ್ತು. ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಾಯಿಯನ್ನು ಕೆಳಗಿಟ್ಟ.

“ಇಲ್ರಿ,” ಎಂದ. “ಹೋದ ಸಲ ಕಾಲು ಬಗ್ಗಿಸಿ ನಡದಿದ್ಲು. ನಾವ ಹೇಳಿದ್ವಿ. ಇದು ಆಕಿ ಖರೇ ಎತ್ತರ ನೋಡ್ರಿ.”

ಅವರು ಜಗಳ ಮಾಡಲಿಲ್ಲ. ಚಹಾ ಮುಗಿಸಿ, ನಾಲ್ಕೂವರೆಯೊಳಗೆ ಎದ್ದು ಹೋದರು. ಅವ್ವ ಆಮೇಲೆ ಕೇಳಿದ್ದು ಒಂದೇ ಮಾತು.

“ಕಾಯಿ ಒಡೆಯೂತನಕ ತಡೀಲಿಕ್ಕಾಗಲಿಲ್ಲೇನ ನಿನಗ?”

“ಎರಡು ವರ್ಷ ತಡದೀನವ್ವ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಧೈರ್ಯ ನನಗೂ ಇರಲಿಲ್ಲ.

ಹತ್ತು ದಿನಕ್ಕೆ ಸಂಬಂಧ ತಂದ ಹಿರಿಯರು ಅಂಗಡಿಗೆ ಬಂದರು. ಕೊಪ್ಪಳದವರಿಗೆ ಮನೆತನ ಇಷ್ಟವಾಗಿದೆ, ಅಪ್ಪ ಮುಚ್ಚಿಡದೆ ಹೇಳಿದ್ದು ಇನ್ನೂ ಇಷ್ಟವಾಗಿದೆ. ದೊಡ್ಡವಳು ಬೇಡ. ಚಹಾ ಕೊಟ್ಟ ಸಣ್ಣವಳನ್ನು ಕೊಡುವುದಾದರೆ ಅವರು ತಯಾರು. ಅಪ್ಪ ಅವರನ್ನು ಕೂರಿಸಲೂ ಇಲ್ಲ.

“ಅಂಗಡ್ಯಾಗಿನ ಮಾಲಲ್ರಿ ಅವು, ಅದು ಬ್ಯಾಡ ಇದು ಕೊಡು ಅನ್ನಾಕ,” ಎಂದನಂತೆ.

ಮನೆಗೆ ಬಂದು ಅದನ್ನೇ ನಮ್ಮ ಮುಂದೆ ಹೇಳಿ, ಉಣ್ಣದೆ ಎದ್ದು ಹೋದ. ನಾನೂ ತಂಗಿಯೂ ಹಿತ್ತಿಲಲ್ಲಿ ಬೀಜಕ್ಕೆ ಶೇಂಗಾ ಸುಲಿಯುತ್ತ ಕೂತೆವು.

“ನನಗ ಬ್ಯಾಡಕ್ಕ ಅದು,” ಎಂದಳು ತಂಗಿ. “ನಿನ್ನ ಬ್ಯಾಡ ಅಂದೋರ ಮನಿ ನನಗ್ಯಾಕ?”

ಹಾಗೆನ್ನುತ್ತ ಸಿಪ್ಪೆಯನ್ನು ಬುಟ್ಟಿಗೆ ಹಾಕುತ್ತಿದ್ದಳು, ಕಾಳನ್ನು ತಿಪ್ಪೆಗೆ ಎಸೆಯುತ್ತಿದ್ದಳು. ನಾನು ನೋಡುತ್ತ ಕೂತೆ. ಅವನು ‘ಸಾಕ್ರಿ, ಸಾಕ್ರಿ’ ಎಂದಾಗ ಅವಳ ಕೈಯ ಚಹಾದ ಕಪ್ಪು ಬಸಿಯ ಮೇಲೆ ಸದ್ದು ಮಾಡಿದ್ದು ನನಗೆ ಕೇಳಿಸಿತ್ತು. ಎದುರಿನ ಮುಖಗಳನ್ನು ಓದುತ್ತ ಕೂತವಳಿಗೆ ಮಗ್ಗುಲಿನವಳ ಮುಖ ತಪ್ಪುತ್ತದೆಯೇ? ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳುವುದಿಲ್ಲ, ಉರಿದು ಹೋಯಿತು. ಅವನು ನನಗೆ ಬೇಕಾಗಿದ್ದ ಅಂತಲ್ಲ. ನನ್ನ ಎತ್ತರಕ್ಕೆ ಸಿಗದೆ ಹೋದದ್ದು ಅವಳ ಕುಳ್ಳತನಕ್ಕೆ ಇಷ್ಟು ಸಲೀಸಾಗಿ ಸಿಕ್ಕಿತಲ್ಲ ಅಂತ. ಕಿರಿಯವಳು ಮೊದಲು ಹೋದಳೆಂದರೆ ಹಿರಿಯವಳಲ್ಲಿ ಏನೋ ಐಬಿದೆ ಎಂದು ಊರು ಆಡಿಕೊಳ್ಳುತ್ತದೆ. ಆಮೇಲೆ ನನ್ನ ಮುಂದೆ ಬಂದು ಕೂರುವವರು ಯಾರೂ ಇರುವುದಿಲ್ಲ. ಅದೂ ನನಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಅಂಗಡಿಗೆ ಹೋದೆ. ಅಪ್ಪ ಒಬ್ಬನೇ ಇದ್ದ.

“ಆಕಿನ್ನ ಕೊಡ್ರಿ ಅಪ್ಪ,” ಎಂದೆ.

“ನಿನ್ನ ಬಿಟ್ಟೇನು? ಮಂದಿ ಏನಂತಾರ?”

“ಮಂದಿ ಎದುರಿಗೆ ನಾನ ಹೇಳ್ತೀನಿ. ನನ್ನ ಒಪ್ಪಿಗಿ ಐತಿ ಅಂತ.”

“ಮುಂದ ನಿಂದು ತಡಾ ಆಕ್ಕೈತವ್ವ.”

“ಆಗ್ಲಿ ಬಿಡ್ರಿ.”

ಅಪ್ಪ ತಕ್ಕಡಿಯ ಸರಪಳಿ ಬಿಡಿಸಿದ. ಆಮೇಲೆ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ. ನಾನು ಹಿರಿಯರನ್ನು ಕೂರಿಸಿಕೊಂಡು ಆ ಮಾತು ಹೇಳಿದೆ, ಒಬ್ಬರಲ್ಲ, ಹತ್ತು ಜನರ ಎದುರಿಗೆ. ಗಟ್ಟಿಯಾಗಿ ಹೇಳಿದೆ, ಸಿಟ್ಟಿನಿಂದಲೇ ಹೇಳಿದೆ ಎಂದು ಆಮೇಲೆ ಅವ್ವ ಬೈದಳು. ಸಿಟ್ಟಿಲ್ಲದೆ ಆ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ನನ್ನದೂ ಆಮೇಲೆ ಆಯಿತೋ ಇಲ್ಲವೋ ಎಂದು ಕೇಳುವವರಿರುತ್ತಾರೆ. ಆಯಿತು, ಬಹಳ ತಡವಾಗಿ. ಅದು ಬೇರೆ ಮಾತು.

ತಂಗಿಯ ಮದುವೆ ನಮ್ಮ ಮನೆಯ ಮುಂದಿನ ಹಂದರದಲ್ಲೇ ಆಯಿತು. ವಧೂವರರ ನಡುವೆ ಅಂತರಪಟ ಹಿಡಿದಿದ್ದರು. ಒಂದು ತುದಿಯನ್ನು ಮೀಸೆಯ ಸೋದರಮಾವ ಹಿಡಿದಿದ್ದ. ಇನ್ನೊಂದು ತುದಿ ಹಿಡಿದ ನಮ್ಮ ಕಡೆಯ ಮುದುಕರ ಕೈ ಸೋತು, ಬಟ್ಟೆ ಜೋತು ಬೀಳುತ್ತಿತ್ತು. ಮುಹೂರ್ತಕ್ಕೆ ಮೊದಲೇ ಮುಖ ಕಂಡರೆ ಹೇಗೆ ಎಂದು ಹೆಂಗಸರು ಗುಜುಗುಜು ಎಂದರು.

“ಎತ್ತರದವರು ಯಾರರ ಬರ್ರಿ,” ಎಂದರು ಆಚಾರ್ಯರು ಮಂತ್ರದ ನಡುವೆ.

ಹಂದರದ ತುಂಬ ಮಂದಿ. ಯಾರೂ ಏಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೋಗಿ ಮುದುಕರ ಕೈಯಿಂದ ತುದಿ ತೆಗೆದುಕೊಂಡೆ. ನೆಟ್ಟಗೆ ನಿಂತೆ.

ಬಟ್ಟೆಯ ಈ ಬದಿಗೆ ತಂಗಿ ಇದ್ದಳು, ಆ ಬದಿಗೆ ಅವನು. ಅವರಿಬ್ಬರಿಗೂ ಕಾಣುತ್ತಿದ್ದದ್ದು ಬರೀ ಬಟ್ಟೆ. ಅದರ ಮೇಲಿಂದ ನನಗೆ ಇಬ್ಬರೂ ಕಾಣುತ್ತಿದ್ದರು. ತಂಗಿ ಕೆಳದುಟಿ ಕಚ್ಚಿ ನಗು ತಡೆಯುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ಅವನ ಕೈಯಲ್ಲಿನ ಜೀರಿಗೆ ಬೆಲ್ಲ ಬೆವರಿಗೆ ಕರಗಿತ್ತು. ಇಬ್ಬರೂ ಹೆದರಿದ್ದರು. ಇಬ್ಬರಿಗೂ ಎಷ್ಟು ಸಂತೋಷವಾಗಿತ್ತು ಎನ್ನುವುದು ಆ ಇಬ್ಬರಲ್ಲಿ ಒಬ್ಬರಿಗೂ ಇನ್ನೂ ಗೊತ್ತಿರಲಿಲ್ಲ. ಹಂದರದಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

“ಸರಸ್ರಿ,” ಎಂದರು ಆಚಾರ್ಯರು. ವಾಲಗ ಎದ್ದಿತು, ಅಕ್ಕಿಕಾಳು ಬೀಳತೊಡಗಿದವು. ಸೋದರಮಾವ ತನ್ನ ತುದಿಯನ್ನು ಬಿಟ್ಟ.

ನಾನು ಇನ್ನೊಂದು ಗಳಿಗೆ ಹಿಡಿದೇ ನಿಂತಿದ್ದೆ. ಆಮೇಲೆ ಬಿಟ್ಟೆ.